ಇಕ್ತಿಯೋಸಾರ್ ಮೊಟ್ಟೆ ಎಲ್ಲಿ ಇಡುತ್ತಿತ್ತು?

ಪ್ರಶ್ನೆ: ನಮಸ್ತೆ ಮೇಡಂ. ನಾನು ಏಳನೇ ಕ್ಲಾಸಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಡಾಲ್ಫಿನ್ ಥರ ಕಾಣುವ ಇಕ್ತಿಯೋಸಾರ್ ಚಿತ್ರ ತೋರಿಸಿ, ಇದು ಡೈನೋಸಾರ್ ಕಾಲದ ಸರೀಸೃಪ ಅಂದೆ. ಒಬ್ಬ ಹುಡುಗ ಎದ್ದು ನಿಂತು, "ಹಾಗಾದ್ರೆ ಮೊಟ್ಟೆ ಇಡೋಕೆ ಆಮೆ ಥರ ದಡಕ್ಕೆ ಬರ್ತಿತ್ತಾ?" ಅಂತ ಕೇಳಿದ. ಏನು ಹೇಳಲಿ?

ಉತ್ತರ: ಮೊದಲು ಆ ಹುಡುಗನಿಗೆ ಶಭಾಷ್ ಹೇಳಿ. ಇಕ್ತಿಯೋಸಾರ್ ದಡಕ್ಕೆ ಬರುತ್ತಿರಲಿಲ್ಲ, ಮೊಟ್ಟೆಯನ್ನೂ ಇಡುತ್ತಿರಲಿಲ್ಲ. ನೀರಿನಲ್ಲೇ ಮರಿ ಹಾಕುತ್ತಿತ್ತು. ಅದರ ಕಾಲುಗಳೆಲ್ಲ ಈಜುರೆಕ್ಕೆಗಳಾಗಿದ್ದವು. ಆ ಮೈ ಹೊತ್ತು ಮರಳ ಮೇಲೆ ತೆವಳುವುದು ಆಗದ ಮಾತು. ಮೊಟ್ಟೆಯನ್ನು ನೀರಿನಲ್ಲಿ ಬಿಟ್ಟರೂ ಉಪಯೋಗವಿಲ್ಲ. ಸರೀಸೃಪದ ಮೊಟ್ಟೆಗೆ ಚಿಪ್ಪಿನ ಮೂಲಕ ಗಾಳಿ ಬೇಕು, ಮುಳುಗಿದರೆ ಒಳಗಿನ ಮರಿ ಉಸಿರುಕಟ್ಟಿ ಸಾಯುತ್ತದೆ.

ಇದಕ್ಕೆ ಸಾಕ್ಷಿ ಕಲ್ಲಿನಲ್ಲೇ ಇದೆ. ಜರ್ಮನಿಯ ಹೋಲ್ಟ್ಸ್‌ಮಾಡೆನ್ ಸುತ್ತಮುತ್ತ ಸುಮಾರು 18 ಕೋಟಿ ವರ್ಷ ಹಳೆಯ ಕಪ್ಪು ಶೇಲ್ ಕಲ್ಲಿನ ಪದರಗಳಿವೆ. ಅಲ್ಲಿ ಸಿಕ್ಕ ಸ್ಟೆನೊಪ್ಟೆರಿಜಿಯಸ್ ಎಂಬ ಇಕ್ತಿಯೋಸಾರ್‌ಗಳಲ್ಲಿ ಎಷ್ಟೋ ತಾಯಂದಿರ ಹೊಟ್ಟೆಯಲ್ಲಿ ಮರಿಗಳ ಎಲುಬುಗಳಿವೆ. ಮರಿ ಅರ್ಧ ಹೊರಬಂದ ಸ್ಥಿತಿಯಲ್ಲೇ ಕಲ್ಲಾದದ್ದೂ ಉಂಟು.

ಪ್ರಶ್ನೆ (ಇನ್ನೊಬ್ಬರಿಂದ): ಅದು ಬೇರೆಯವರ ಮರಿಯನ್ನು ತಿಂದಿದ್ದೂ ಇರಬಹುದಲ್ವಾ?

ಉತ್ತರ: ಒಳ್ಳೇ ಅನುಮಾನ. ಹಿಂದೆ ವಿಜ್ಞಾನಿಗಳೂ ಇದರ ಬಗ್ಗೆ ಜಗಳವಾಡಿದ್ದಾರೆ. ತಿಂದದ್ದರ ಗುರುತೇ ಬೇರೆ. ಪಕ್ಕೆಲುಬುಗಳ ನಡುವೆ ಕಪ್ಪಗೆ ಒಂದು ಮುದ್ದೆ ಇರುತ್ತದೆ. ಲೆನ್ಸ್ ಹಿಡಿದು ನೋಡಿದರೆ ಅದರ ತುಂಬ ಪುಟ್ಟ ಪುಟ್ಟ ಕೊಕ್ಕೆಗಳು. ನಮ್ಮ ಕರಾವಳಿಯವರು ಬೊಂಡಾಸ್ ಅನ್ನುತ್ತಾರಲ್ಲ, ಆ ಸ್ಕ್ವಿಡ್‌ನ ಹಳೇ ನೆಂಟರ ತೋಳಿನಲ್ಲಿದ್ದ ಕೊಕ್ಕೆಗಳವು. ಮೆತ್ತನೆಯ ಭಾಗವೆಲ್ಲ ಅರಗಿ, ಇವಷ್ಟೇ ಉಳಿದಿವೆ. ಮರಿಗಳ ಎಲುಬು ಹಾಗಲ್ಲ. ಜಠರದ ಆಮ್ಲ ತಾಕಿದ ಗುರುತು ಇರುವುದಿಲ್ಲ. ಮರಿಗಳು ತಾಯಿಯ ಜಾತಿಯವೇ, ಹೆಚ್ಚುಕಡಿಮೆ ಒಂದೇ ಅಳತೆಯವು. ಇಷ್ಟೆಲ್ಲ ಒಟ್ಟಿಗೆ ಸಿಕ್ಕಿದ ಮೇಲೆ ಅವು ಊಟ ಅನ್ನುವುದು ಕಷ್ಟ.

ಪ್ರಶ್ನೆ: ಹಾಗಾದರೆ ಕಡಲಿಗೆ ಇಳಿದ ಮೇಲೆ ಮರಿ ಹಾಕುವುದನ್ನು ಕಲಿತವಾ?

ಉತ್ತರ: ನೆಲದ ಮೇಲಿದ್ದಾಗಲೇ ಶುರುವಾಗಿತ್ತು ಅಂತ ಕಾಣುತ್ತದೆ. ಚೀನಾದಲ್ಲಿ ಚಾವೋಹುಸಾರಸ್ ಎಂಬ ಬಹಳ ಹಳೆಯ ಇಕ್ತಿಯೋಸಾರ್ ಸಿಕ್ಕಿದೆ, ಸುಮಾರು 24.8 ಕೋಟಿ ವರ್ಷ ಹಿಂದಿನದು. ಅದರ ಮರಿ ತಲೆ ಮೊದಲಾಗಿ ಹೊರಬರುತ್ತಿದೆ. ನೆಲದಲ್ಲಿ ಮರಿ ಹಾಕುವ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಹೀಗೇ. ಹಾಗಾಗಿ ನೆಲದ ಪೂರ್ವಜರೇ ಮರಿ ಹಾಕುತ್ತಿದ್ದವು ಎಂದು ಪಳೆಯುಳಿಕೆ ವಿಜ್ಞಾನಿ ರ್ಯೋಸುಕೆ ಮೊಟಾನಿ ಮತ್ತು ಅವರ ತಂಡ 2014ರಲ್ಲಿ ಹೇಳಿತು. ನನಗೂ ಅದೇ ಸರಿ ಅನ್ನಿಸುತ್ತದೆ.

ಪ್ರಶ್ನೆ: ಮಕ್ಕಳಿಗೆ ಕರ್ನಾಟಕದಲ್ಲೇ ಎಲ್ಲಾದರೂ ತೋರಿಸಬಹುದಾ ಮೇಡಂ?

ಉತ್ತರ: ಇಲ್ಲಿ ಸಿಗುವುದಿಲ್ಲ. ನಮ್ಮ ದಕ್ಷಿಣದ ಬಂಡೆಗಳು ಹೆಚ್ಚಿನವು 200 ಕೋಟಿ ವರ್ಷಕ್ಕಿಂತ ಹಳೆಯವು, ಆಗ ಬೆನ್ನೆಲುಬಿನ ಪ್ರಾಣಿಯೇ ಇರಲಿಲ್ಲ. ಉತ್ತರದ ಕಪ್ಪುಕಲ್ಲು ಲಾವಾದಿಂದ ಆದದ್ದು. ಆದರೆ ಗುಜರಾತಿನ ಕಛ್‌ನಲ್ಲಿ, ಲೋಡಾಯಿ ಹಳ್ಳಿಯ ಹತ್ತಿರ, ಸುಮಾರು ಐದೂವರೆ ಮೀಟರ್ ಉದ್ದದ ಇಕ್ತಿಯೋಸಾರ್ ಸಿಕ್ಕಿದೆ. ವಿವರ 2017ರಲ್ಲಿ ಪ್ರಕಟವಾಯಿತು, ಕಾಲ ಸುಮಾರು 15 ಕೋಟಿ ವರ್ಷದ ಹಿಂದೆ. ಅದರ ಹಲ್ಲು ಸವೆದಿವೆ. ಗಟ್ಟಿ ಮೈಯ ಬೇಟೆಯನ್ನು ಕಚ್ಚಿ ತಿನ್ನುತ್ತಿತ್ತು ಎಂದು ಅದರಿಂದ ತಿಳಿದದ್ದು. ಕ್ಲಾಸಿನಲ್ಲಿ ಆ ಹಲ್ಲಿನ ಫೋಟೋ ತೋರಿಸಿ, "ಇದು ಏನು ತಿನ್ನುತ್ತಿತ್ತು?" ಅಂತ ಮಕ್ಕಳನ್ನೇ ಕೇಳಿ ನೋಡಿ.