ಮಣ್ಣಿನ ಗೋಡೆಯ ಹಳೆಯ ಮನೆಗೆ ವೈಫೈ: ಮೆಶ್ ಸಾಕೇ, ಕೇಬಲ್ ಎಳೆಸಬೇಕೇ?

ಸಾಗರದ ಹಳೆಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಮನೆಯ ಮಣ್ಣಿನ ಗೋಡೆಗಳು ಒಂದೂವರೆ ಅಡಿ ದಪ್ಪವಿದ್ದು, ಮರದ ಮುಚ್ಚಿಗೆಯ ಮೇಲೊಂದು ಉಪ್ಪರಿಗೆ ಇದೆ. ಫೈಬರ್ ಸಂಪರ್ಕದ ರೌಟರ್ ಜಗುಲಿಯಲ್ಲಿದೆ. ಅಲ್ಲಿ 100 ಎಂಬಿಪಿಎಸ್ ಬರುತ್ತದೆ; ಅಡುಗೆಮನೆ ತಲುಪುವಷ್ಟರಲ್ಲಿ ಹತ್ತಕ್ಕಿಳಿಯುತ್ತದೆ. ಉಪ್ಪರಿಗೆಯಲ್ಲಿ ಕುಳಿತು ಕಚೇರಿ ಕೆಲಸ ಮಾಡುವ ಮಗಳಿಗಾಗಿ ಅಲ್ಲಿಯೇ ಒಂದು ರಿಪೀಟರ್ (ರೌಟರಿನ ವೈಫೈ ಪಡೆದು ಮುಂದಕ್ಕೆ ಹರಡುವ ಪೆಟ್ಟಿಗೆ) ಹಾಕಿಸಿದೆವು. ಫೋನಿನಲ್ಲಿ ಗೆರೆಗಳೆಲ್ಲ ತುಂಬಿ ಕಾಣುತ್ತವೆ, ಆದರೂ ಮೀಟಿಂಗಿನ ನಡುವೆ ಚಿತ್ರ ನಿಂತುಬಿಡುತ್ತದೆ. ಮನೆಯಿಂದ ಸುಮಾರು 40 ಮೀಟರ್ ದೂರದ ಅಡಿಕೆ ಕೊಟ್ಟಿಗೆಗೆ ಕ್ಯಾಮೆರಾ ಕೂಡ ಬೇಕಾಗಿದೆ. ಮೂರು ತುಂಡಿನ ಮೆಶ್ (ಮನೆಯ ಬೇರೆ ಬೇರೆ ಕಡೆ ಇಟ್ಟ ಪೆಟ್ಟಿಗೆಗಳು ಸೇರಿ ಒಂದೇ ವೈಫೈ ಹರಡುವ ವ್ಯವಸ್ಥೆ) ಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ದಯವಿಟ್ಟು ತಿಳಿದವರು ದಾರಿ ತೋರಿಸಿ.

ನೆಟ್‌ವರ್ಕ್ ಕೆಲಸಗಾರ

ಫೋನಿನಲ್ಲಿ ಕಾಣುವ ಗೆರೆಗಳು ಫೋನಿಗೂ ರಿಪೀಟರಿಗೂ ನಡುವಿನ ಸಿಗ್ನಲ್ಲಿನವು; ಜಗುಲಿಯಿಂದ ಆ ರಿಪೀಟರಿಗೆ ಎಷ್ಟು ತಲುಪುತ್ತಿದೆ ಎಂಬುದನ್ನು ಅವು ಹೇಳುವುದಿಲ್ಲ. ಮೇಲಾಗಿ, ಒಂದೇ ಚಾನೆಲ್ಲಿನಲ್ಲಿ ಪಡೆದು ಅದರಲ್ಲೇ ಮುಂದಕ್ಕೆ ಕಳಿಸುವ ರಿಪೀಟರಿನಲ್ಲಿ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮೆಶ್ ತುಂಡುಗಳು ಪರಸ್ಪರ ವೈರ್‌ಲೆಸ್ಸಿನಲ್ಲೇ ಮಾತಾಡಿಕೊಂಡರೆ ಅವೂ ಅದೇ ಗೋಡೆಗಳನ್ನು ದಾಟಬೇಕು. ವೈಫೈಯ 5 ಗಿಗಾಹರ್ಟ್ಸ್ ಅಲೆಗಳು 2.4 ಗಿಗಾಹರ್ಟ್ಸಿನವುಗಳಷ್ಟು ಚೆನ್ನಾಗಿ ಗೋಡೆ ದಾಟಲಾರವು. ಮಳೆಗಾಲದಲ್ಲಿ ತೇವ ಹೀರಿಕೊಂಡ ಗೋಡೆಯಂತೂ ಇನ್ನಷ್ಟು ಅಡ್ಡವಾಗುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟೇ: ಗೋಡೆ ದಾಟುವ ಕೆಲಸವನ್ನು ತಂತಿಗೆ ಕೊಡಿ. ಜಗುಲಿಯ ರೌಟರಿನ ಪಕ್ಕದಲ್ಲಿ ಒಂದು ಗಿಗಾಬಿಟ್ ಪಿಒಇ ಸ್ವಿಚ್ (ಹಲವು ನೆಟ್‌ವರ್ಕ್ ಕೇಬಲ್ ಜೋಡಿಸುವ, ಅದೇ ಕೇಬಲ್ಲಿನಲ್ಲಿ ಕರೆಂಟನ್ನೂ ಕಳಿಸುವ ಪೆಟ್ಟಿಗೆ) ಇಟ್ಟು, ಅಲ್ಲಿಂದ ಅಡುಗೆಮನೆಯ ಕಡೆಗೆ ಒಂದು ಕೇಬಲ್, ಉಪ್ಪರಿಗೆಗೆ ಎರಡು ಕೇಬಲ್ ಎಳೆಸಿ. ಉಪ್ಪರಿಗೆಯ ಎರಡರಲ್ಲಿ ಒಂದು ಆಕ್ಸೆಸ್ ಪಾಯಿಂಟಿಗೆ (ಕೇಬಲ್ಲಿನಲ್ಲಿ ಬಂದ ಸಂಪರ್ಕವನ್ನು ವೈಫೈ ಆಗಿ ಹರಡುವ ಪೆಟ್ಟಿಗೆ), ಇನ್ನೊಂದು ನೇರವಾಗಿ ಮಗಳ ಮೇಜಿಗೆ. ಪಿಒಇ ಇದ್ದರೆ ಆಕ್ಸೆಸ್ ಪಾಯಿಂಟಿನ ಬಳಿ ಪ್ಲಗ್ ಬೇಕಾಗುವುದಿಲ್ಲ, ಕರೆಂಟು ಹೋದಾಗ ಜಗುಲಿಯ ಒಂದೇ ಯುಪಿಎಸ್ ಎಲ್ಲವನ್ನೂ ನಡೆಸುತ್ತದೆ. 2.4 ಗಿಗಾಹರ್ಟ್ಸಿನಲ್ಲಿ ಒಂದಕ್ಕೊಂದು ಅಡ್ಡಬರದಂತೆ ಒಂದೊಂದು ವೈಫೈ ಪೆಟ್ಟಿಗೆಗೂ 1, 6, 11ರಲ್ಲಿ ಬೇರೆ ಬೇರೆ ಚಾನೆಲ್ ಕೊಡಿ.

ತಾಮ್ರದ ತಂತಿ

ಮೇಲಿನವರ ಮಾತು ನೂರಕ್ಕೆ ನೂರು ನಿಜ. ಕೇಬಲ್ ಕೊಳ್ಳುವಾಗ ಮಾತ್ರ ಎಚ್ಚರ ವಹಿಸಿ. ಕ್ಯಾಟ್ 6 ಎಂದು ಅಚ್ಚು ಹಾಕಿದ್ದರೂ ಒಳಗೆ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯೇ ಇರುವ ಪೆಟ್ಟಿಗೆಗಳು ಅಗ್ಗಕ್ಕೆ ಸಿಗುತ್ತವೆ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಅಂತಹ ತಂತಿ ಬಗ್ಗಿಸಿದಲ್ಲಿ ಬೇಗ ಮುರಿಯುತ್ತದೆ, ಪಿಒಇ ಹರಿಸಿದಾಗ ಹೆಚ್ಚು ಬಿಸಿಯೂ ಆಗುತ್ತದೆ. ಪೂರ್ತಿ ತಾಮ್ರದ ಕ್ಯಾಟ್ 6 ಆದರೆ 100 ಮೀಟರಿನವರೆಗೆ ಗಿಗಾಬಿಟ್ ವೇಗಕ್ಕೆ ಏನೂ ತೊಂದರೆಯಿಲ್ಲ.

ಮುಚ್ಚಿಗೆಯ ಮೇಲೆ ಕೇಬಲ್ಲನ್ನು ಹಾಗೆಯೇ ಬಿಟ್ಟರೆ ಇಲಿ ಕಡಿಯುತ್ತದೆ, ಪೈಪಿನೊಳಗೇ ಹಾಕಿಸಿ. ಕರೆಂಟಿನ ತಂತಿ ಇರುವ ಪೈಪಿನಲ್ಲಿ ಮಾತ್ರ ಯಾವ ಕಾರಣಕ್ಕೂ ಸೇರಿಸಬೇಡಿ.

ಘಟ್ಟದ ಮೇಲಿನವ

ಕೊಟ್ಟಿಗೆಯ ವಿಷಯದಲ್ಲಿ ಕಳಕಳಿಯಿಂದ ಒಂದು ಮಾತು ಹೇಳುತ್ತೇನೆ: ಅಲ್ಲಿಗೆ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. ನಾನು ಮನೆಯಿಂದ ಪಂಪ್ ಶೆಡ್ಡಿಗೆ ಹಾಗೆ ಎಳೆದಿದ್ದೆ. ಮುಂಗಾರಿಗೆ ಮುಂಚಿನ ಒಂದು ಸಂಜೆ ಹತ್ತಿರದಲ್ಲೇ ಸಿಡಿಲು ಬಡಿದಾಗ ಶೆಡ್ಡಿನ ಕ್ಯಾಮೆರಾದ ಜೊತೆಗೆ ಮನೆಯೊಳಗಿನ ಸ್ವಿಚ್ಚೂ ರೌಟರಿನ ಪೋರ್ಟೂ ಸುಟ್ಟುಹೋದವು. ಸ್ವಿಚ್ ಬಿಚ್ಚಿದಾಗ ಆ ಕೇಬಲ್ ಸೇರಿದ್ದ ಜಾಗವಷ್ಟೇ ಕರಿಯಾಗಿತ್ತು. ಸಿಡಿಲು ನೇರವಾಗಿ ಬಡಿಯಬೇಕೆಂದೇನಿಲ್ಲ, ಉದ್ದನೆಯ ತಾಮ್ರದಲ್ಲಿ ಅದು ಎಬ್ಬಿಸುವ ವೋಲ್ಟೇಜೇ ಸಾಕು.

ಫೈಬರ್ ಗಾಜು, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಆಸರೆಗೆ ಸ್ಟೀಲ್ ತಂತಿ ಇರುವ ಕೇಬಲ್ ಬಿಟ್ಟು, ಲೋಹವೇ ಇಲ್ಲದ್ದನ್ನು ಕೇಳಿ ತಂದು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ಹಾಕಿಸಿ. ಒಂದೇ ಎಳೆಯಲ್ಲಿ ನಡೆಯುವ ಕನ್ವರ್ಟರುಗಳು ‘ಎ’ ಮತ್ತು ‘ಬಿ’ ಎಂದು ಜೋಡಿಯಾಗಿ ಬರುತ್ತವೆ. ಎರಡೂ ಒಂದೇ ಬಗೆಯವಾದರೆ ಸಂಪರ್ಕ ಏಳುವುದಿಲ್ಲ.

ಸಾಗರದ ಹಳೆಮನೆ

ಎಲ್ಲರಿಗೂ ತುಂಬ ಕೃತಜ್ಞತೆಗಳು. ಕೊಟ್ಟಿಗೆಗೆ ಫೈಬರ್ ಹಾಕಿಸುವುದೆಂದು ನಿರ್ಧರಿಸಿದೆವು. ಮನೆಯಲ್ಲಿ ಒಂದು ಹಳೆಯ ವೈಫೈ ರೌಟರ್ ಬಿದ್ದಿದೆ. ಅಡುಗೆಮನೆಯ ಕಡೆಗೆ ಅದನ್ನೇ ಬಳಸಬಹುದೇ?

ನೆಟ್‌ವರ್ಕ್ ಕೆಲಸಗಾರ

ಖಂಡಿತ ಬಳಸಬಹುದು. ಅದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿದರೆ ಸಾಕು. ಇಲ್ಲದಿದ್ದರೆ, ಕೇಬಲ್ ಸಿಕ್ಕಿಸುವ ಮೊದಲು ಅದರ ಡಿಎಚ್‌ಸಿಪಿಯನ್ನು (ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ಸೌಲಭ್ಯ) ನಿಲ್ಲಿಸಿ, ಜಗುಲಿಯದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಎಂಬ ವಿಳಾಸ ಕೊಡಿ. ಆ ಸಂಖ್ಯೆ ಬೇರೆ ಯಾವ ಸಾಧನಕ್ಕೂ ಹೋಗಿರಬಾರದು. ಜಗುಲಿಯಿಂದ ಬಂದ ಕೇಬಲ್ಲನ್ನು ವ್ಯಾನ್ (ಇಂಟರ್ನೆಟ್ ಒಳಬರುವ) ಪೋರ್ಟಿಗಲ್ಲ, ಲ್ಯಾನ್ (ಮನೆಯ ಸಾಧನಗಳ) ಪೋರ್ಟಿಗೆ ಹಾಕಿ. ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ಕಡೆಯೂ ಒಂದೇ ಇರಲಿ. ಹಳೆಯ ರೌಟರಿಗೆ ಪಿಒಇ ನಡೆಯುವುದಿಲ್ಲ, ಅಲ್ಲಿಗೊಂದು ಪ್ಲಗ್ ಪಾಯಿಂಟ್ ಬೇಕಾಗುತ್ತದೆ.