ಅಪ್‌ಡೇಟ್: ರೌಟರ್ ತಗೊಂಡೆ ನೋಡ್ರಿ

ಹೋದ ವಾರ ಕೇಳಿದ್ನೆಲ್ರಿ, 2,000 ರೂಪಾಯಿ ಒಳಗ ಯಾವ ರೌಟರ್ ತಗೋಬೇಕು, ಹಿಂದಿನ ಖೋಲಿಗೆ ಸಿಗ್ನಲ್ಲೇ ಬರವಲ್ದು ಅಂತ. ನೀವು ಹೇಳಿದಂಗ ಮೊದಲು ಹಳೇದನ್ನ ಹೊಳ್ಳಿಸಿ ನೋಡಿದೆ. ಕೇಬಲ್ ಚುಚ್ಚೋ ಪೋರ್ಟ್ ಎಲ್ಲಾ 100 ಎಂಬಿಪಿಎಸ್ ಸ್ಪೀಡಿನವು! ನಾ 150 ಎಂಬಿಪಿಎಸ್ ಪ್ಲ್ಯಾನಿಗೆ ರೊಕ್ಕ ಕಟ್ಟಾಕತ್ತೀನಿ, ಅದು 100 ದಾಟೋದರೆ ಹೆಂಗ?

ಹುಬ್ಬಳ್ಳಿ ಕೊಪ್ಪೀಕರ ರಸ್ತೆದಾಗ ಗಿಗಾಬಿಟ್ (1,000 ಎಂಬಿಪಿಎಸ್) ಪೋರ್ಟಿನ ಡ್ಯುಯಲ್ ಬ್ಯಾಂಡ್ ರೌಟರ್, ಅಂದ್ರ 2.4 ಮತ್ತ 5 ಗಿಗಾಹರ್ಟ್ಸ್ ಎರಡೂ ವೈಫೈ ಇರೋದು, 1,850ಕ್ಕ ಸಿಕ್ತು. ಅಂಗಡಿಯಾಂವ ಆರು ಆಂಟೆನಾದ್ದು ತೋರಿಸಿದ. ಕೊಂಬು ನೋಡಿ ಎಮ್ಮಿ ತಗೊಳ್ಳೂದು ಬ್ಯಾಡ ಅಂತ ಬಿಟ್ಟೆ.

ಧಾರವಾಡದ ನಮ್ಮ ಮನಿ ಗ್ವಾಡಿ ಎರಡು ಫೂಟ್ ದಪ್ಪ, ಮಣ್ಣಿಂದು. 5 ಗಿಗಾಹರ್ಟ್ಸ್ ಪಡಸಾಲಿ ದಾಟಂಗಿಲ್ಲ, ಟಿವಿಗೆ ಅಷ್ಟ. ಹಿಂದಿನ ಖೋಲಿಗೆ 2.4 ಮುಟ್ಟತೈತಿ. ಹಳೇ ರೌಟರ್ ಕಪಾಟಿನ ಒಳಗಿತ್ತು, ಹೊಸಾದನ್ನ ಪಡಸಾಲಿ ಮಾಡದಾಗ ಇಟ್ಟೀನಿ. ದೇವರ ಫೋಟೋ ಸರಿಸಿದ್ದಕ್ಕ ಅವ್ವನ ಸಿಟ್ಟು ಇನ್ನೂ ಇಳಿದಿಲ್ಲ.