‘ಕುಙಟುಕ’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಏನೆನ್ನುವುದು?

ಮಾನ್ಯರೇ,

ತಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನೈರೆರೆಯವರ ರಾಜಕೀಯ ಬದುಕಿನ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಅವರನ್ನು ಜನ ಕರೆಯುತ್ತಿದ್ದ ‘ಮ್ವಾಲಿಮು’ ಎಂಬ ಹೆಸರಿಗೆ ‘ಮೇಷ್ಟ್ರು’ ಎಂದರೆ ಸಾಕು. ರಾಜಕೀಯಕ್ಕೆ ಇಳಿಯುವ ಮುನ್ನ ಅವರು ಪುಗುವಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಅವರ ಸಮಾಜವಾದಕ್ಕಿದ್ದ ‘ಉಜಮಾ’ ಎಂಬ ಹೆಸರಿಗೆ ಸದ್ಯಕ್ಕೆ ‘ಕುಟುಂಬಭಾವ’ ಎಂದಿಟ್ಟುಕೊಂಡಿದ್ದೇನೆ. ನನಗೆ ಪದ ಸಿಗದಿರುವುದು ‘ಕುಙಟುಕ’ಕ್ಕೆ.

ಇದು ತಾಂಜಾನಿಯಾದ ಆಡುನುಡಿಯಾದ ಸ್ವಾಹಿಲಿಗೆ ಹೊರಗಿನಿಂದ ಬಂದ ಮಾತು, ನೈರೆರೆಯವರ ತಾಯ್ನುಡಿಯಾದ ಜನಾಕಿಯದು. ಹಿರಿಯರು ತಾವಾಗಿಯೇ ಮುಂದಿನ ತಲೆಮಾರಿಗೆ ಹೊಣೆಯನ್ನು ವಹಿಸಿಕೊಟ್ಟು ಹಿಂದೆ ಸರಿಯುವುದು ಎಂಬುದು ಇದರ ತಾತ್ಪರ್ಯ. 1985ರಲ್ಲಿ ಅಲಿ ಹಸನ್ ಮ್ವಿನ್ಯಿಯವರಿಗೆ ಅಧ್ಯಕ್ಷ ಪದವಿಯನ್ನು ಬಿಟ್ಟುಕೊಟ್ಟ ಸಂದರ್ಭದಲ್ಲಿ ನೈರೆರೆ ಇದನ್ನು ಬಳಕೆಗೆ ತಂದರು. ನಡುವಿನ ಅನುನಾಸಿಕವು ‘ಂಗ’ ಅಲ್ಲ, ‘ಙ’. ಕ-ವರ್ಗದ ಕೊನೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಎಲ್ಲಿಯೂ ಕಾಣದ ಈ ಅಕ್ಷರಕ್ಕೆ ಇಲ್ಲಿ ಕೆಲಸ ಸಿಕ್ಕಿರುವುದು ನನಗೆ ಸಂತೋಷದ ಸಂಗತಿ.

‘ರಾಜೀನಾಮೆ’ ಎಂಬ ಪದ ಅವರ ಬದುಕಿನ ಇನ್ನೊಂದು ಘಟನೆಗೆ ಬೇಕಾಗಿದೆ. 1961ರ ಡಿಸೆಂಬರ್ 9ರಂದು ಟಾಂಗನೀಕ (ಇಂದಿನ ತಾಂಜಾನಿಯಾದ ಮುಖ್ಯಭೂಭಾಗ) ಸ್ವತಂತ್ರವಾದಾಗ ಪ್ರಧಾನಿಯಾಗಿದ್ದ ಅವರು, ಆರೇ ವಾರಗಳಲ್ಲಿ ಆ ಸ್ಥಾನವನ್ನು ರಶೀದಿ ಕವಾವರಿಗೆ ಬಿಟ್ಟು, ಪಕ್ಷವನ್ನು ಕಟ್ಟಲು ಊರೂರು ತಿರುಗಿ, 1962ರ ಕೊನೆಯಲ್ಲಿ ಅಧ್ಯಕ್ಷರಾಗಿ ಮರಳಿದರು. ಅದು ರಾಜೀನಾಮೆಯೇ ಸರಿ. 1985ರದು ಬೇರೆ ಬಗೆಯದು, ಎರಡಕ್ಕೂ ಒಂದೇ ಪದ ಹಾಕಿದರೆ ವ್ಯತ್ಯಾಸವೇ ಅಳಿಸಿಹೋಗುತ್ತದೆ. ‘ನಿವೃತ್ತಿ’ ಎಂದೊಡನೆ ವಯಸ್ಸಿನ ನಿಯಮ ನೆನಪಾಗುತ್ತದೆ. ‘ಪದತ್ಯಾಗ’ದಲ್ಲಿ ಬಿಟ್ಟವನ ಹಿರಿಮೆ ಕಾಣುತ್ತದೆಯೇ ಹೊರತು ಪಡೆದವನು ಕಾಣುವುದಿಲ್ಲ. ‘ಅಧಿಕಾರ ಹಸ್ತಾಂತರ’ವೋ ಬಲವಂತದಿಂದಲೂ ಆಗಬಹುದು. ಉಡುಪಿಯ ‘ಪರ್ಯಾಯ’ದಲ್ಲಿ ಅಕ್ಷಯಪಾತ್ರೆ, ಸಟ್ಟುಗಗಳು ಕೈಯಿಂದ ಕೈಗೆ ಹೋಗುವ ಚಿತ್ರ ಚೆನ್ನಾಗಿದೆ, ಆದರೆ ಅಲ್ಲಿ ಎರಡು ವರ್ಷದ ಕಟ್ಟುಪಾಡಿದೆ, ಸ್ವಂತ ನಿರ್ಧಾರವಿಲ್ಲ.

ನನಗೆ ಅತಿ ಹತ್ತಿರವೆನಿಸಿದ್ದು ಮನೆಯ ಮಾತು. ಅಜ್ಜ ಉಡಿದಾರಕ್ಕೆ ಕಟ್ಟಿಕೊಂಡಿದ್ದ ಪೆಟ್ಟಿಗೆಯ ಬೀಗದ ಕೈಯನ್ನು ಬಿಚ್ಚಿ ನಮ್ಮ ದೊಡ್ಡಪ್ಪನ ಅಂಗೈಗಿಟ್ಟ ದಿನ, ‘ಇವರು ಯಜಮಾನಿಕೆ ಬಿಟ್ಟುಕೊಟ್ರು’ ಎಂದು ಅಜ್ಜಿ ಬಂದವರಿಗೆಲ್ಲ ಹೇಳಿದ್ದರು. ಆ ಬಳಿಕವೂ ಅಜ್ಜ ಜಗಲಿಯ ಮೇಲೆಯೇ ಕೂರುತ್ತಿದ್ದರು, ಬಿತ್ತನೆಗೆ ಮೊದಲು ದೊಡ್ಡಪ್ಪ ಅವರನ್ನು ಒಂದು ಮಾತು ಕೇಳುತ್ತಿದ್ದರು. ನೈರೆರೆಯವರೂ 1990ರವರೆಗೆ ಪಕ್ಷದ ಅಧ್ಯಕ್ಷರಾಗಿ ಉಳಿದಿದ್ದರು. ಅವರು ನಿಜವಾಗಿ ಅಧಿಕಾರವನ್ನು ಪೂರ್ತಿ ಬಿಟ್ಟದ್ದು ಯಾವಾಗ ಎಂಬ ಪ್ರಶ್ನೆಯನ್ನು ಲೇಖನ ಮುಚ್ಚಿಡಬಾರದು ಎಂಬುದು ನನ್ನ ಅಭಿಪ್ರಾಯ; ‘ಯಜಮಾನಿಕೆ ಬಿಟ್ಟುಕೊಡು’ ಎಂಬ ಮಾತಿನಲ್ಲಿ ಆ ಪ್ರಶ್ನೆಗೂ ಜಾಗವಿದೆ.

ತೊಡಕೆಂದರೆ, ಉಳ್ಳವರು ಇಲ್ಲದವರೆಂಬ ಭೇದ ಬೇಡವೆಂದು 1967ರಲ್ಲಿ ಅರುಷಾ ಘೋಷಣೆ ಹೊರಡಿಸಿದ ಸಮಾಜವಾದಿಯೊಬ್ಬರ ವಿಷಯದಲ್ಲಿ ‘ಯಜಮಾನ’ ಎಂಬ ಪದವನ್ನು ತಂದರೆ ಆಳು–ಒಡೆಯ ಎಂಬ ಅರ್ಥವೂ ಅದರ ಜೊತೆಗೇ ಬರುತ್ತದೆ. ‘ಹಿರಿತನ ಬಿಟ್ಟುಕೊಡು’ ಎಂದರೆ ಆ ದೋಷ ತಪ್ಪೀತೇ? ಉತ್ತರ ಕರ್ನಾಟಕದಲ್ಲಿ ‘ಹಿರೇತನ’ ಎಂಬ ಮಾತನ್ನು ಊರಿನ ಹಿರಿಯ ಸ್ಥಾನವನ್ನು ಕಿರಿಯರಿಗೆ ಒಪ್ಪಿಸುವ ಸಂದರ್ಭದಲ್ಲಿ ಬಳಸುವುದುಂಟೇ, ಬಳಸಿದರೆ ಅದರೊಡನೆ ಬರುವ ಕ್ರಿಯಾಪದ ಯಾವುದು? ಕರಾವಳಿಯ, ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಒಂದೇ ಪದದ ಮಾತು ಇದ್ದರೆ, ಅದನ್ನು ಯಾರು ಯಾರ ಬಗ್ಗೆ ಆಡುತ್ತಾರೆಂಬ ವಿವರದೊಂದಿಗೆ ದಯವಿಟ್ಟು ತಿಳಿಸಿ.